ಎರಡನೆಯ ಜವಳ

ಜುಲೈ ೩೦, ಬುಧವಾರ

ನಾನು ಅನ್ನಪೂರ್ಣಾಳ ಮಗ ಅಜಿತನಿಗೆ ಮುಖದ ಮೇಲೆ ಹೇಳಿದೆ, ಅಲ್ಟ್ರಾಸೌಂಡ್ ಎಂದರೆ ಬಸುರಿಯರ ಹೊಟ್ಟೆ ನೋಡುವ ಯಂತ್ರ, ನಿಮ್ಮವ್ವನಿಗೆ ಐವತ್ತೆಂಟು, ಈಗ ಅವಳಲ್ಲಿ ಏನು ಹುಡುಕುತ್ತೀರಿ ಎಂದು. ಅವನು ನಕ್ಕ. ಬೆಳಗಾವಿಯ ಸ್ಕ್ಯಾನಿಂಗ್ ಸೆಂಟರಿನ ಕತ್ತಲೆ ಕೋಣೆಯಲ್ಲಿ ಕೂತು ಕೂತು ಆ ಹುಡುಗನಿಗೆ ಹಿರಿಯರ ಎದುರು ನಗುವ ಚಟ ಹತ್ತಿದೆ.

"ಹೊಟ್ಟಿಗಲ್ಲಜ್ಜಾ, ತಲಿಗೆ" ಎಂದ.

ತಲೆಗಂತೆ. ತಲೆಯೊಳಗೆ ಶಬ್ದ ಬಿಡುತ್ತಾರಂತೆ, ಕಿವಿಗೆ ಕೇಳದ ಶಬ್ದ. ಕೇಳದ್ದಕ್ಕೆ ಶಬ್ದ ಎನ್ನುವುದು ಯಾವ ನ್ಯಾಯ? ಇದನ್ನು ನಿನ್ನೆಯೇ ಬರೆಯಬೇಕಿತ್ತು, ಕರೆಂಟು ಹೋಯಿತು.

ಅನ್ನಪೂರ್ಣಾಗೆ ಮರೆವಿನ ರೋಗವಂತೆ. ಅಲ್ಜೈಮರ್. ಯಾರಿಗೂ ನೆನಪಿರಬಾರದು ಎಂದೇ ಇಟ್ಟ ಹೆಸರು. ಅವಳು ನನ್ನ ಅಕ್ಕ ರಾಚವ್ವನ ಮಗಳು, ನನ್ನ ಕಣ್ಣ ಮುಂದೆ ಹುಟ್ಟಿದವಳು, ವರ್ಷಗಟ್ಟಲೆ ಕನ್ನಡ ಸಾಲೆಯಲ್ಲಿ ಮಕ್ಕಳ ಹಾಜರಿ ಕೂಗಿದವಳು. ಅಕ್ಕ ಹೋದ ಮೇಲೆ ಪಂಚಮಿಗೆ ಬರಲು ಅವಳಿಗೆ ತವರೆಂದರೆ ಬೈಲಹೊಂಗಲದ ಈ ನನ್ನ ಮನೆಯೇ. ನಿನ್ನೆ ಪಂಚಮಿ. ಮುಂಜಾನೆ ಶೇಂಗಾ ಉಂಡಿ ತಂದಳು. ಮಧ್ಯಾಹ್ನ ಮತ್ತೆ ತಂದಳು. ಸಂಜೆಗೆ ಇನ್ನೊಂದು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು, "ಹಬ್ಬದ ದಿನಾ ಮುಂಜಾನಿಂದ ಬರಾಕ ಆಗಲಿಲ್ಲ ಮಾಮಾ, ಸಿಟ್ಟಾಗಬ್ಯಾಡ್ರಿ" ಎಂದಳು.

ನಾನು ಸಿಟ್ಟಾಗಲಿಲ್ಲ. ಉಂಡಿ ಹೆಚ್ಚಾಗುವುದು ರೋಗವೇ? ಹಾಗಾದರೆ ಅರ್ಧ ಊರಿನ ಹೆಂಗಸರನ್ನು ದವಾಖಾನೆಗೆ ಸೇರಿಸಬೇಕು. ಮೂರೂ ಡಬ್ಬಿಗಳನ್ನು ತಂಗೆವ್ವನ ಕಪಾಟಿನಲ್ಲಿ ಇಟ್ಟಿದ್ದೇನೆ. ಹೆಂಡತಿ ಹೋಗಿ ಆರು ವರ್ಷವಾದರೂ ಆ ಕಪಾಟಿಗೆ ಇನ್ನೂ ಅವಳದೇ ಹೆಸರು.

ಆಗಸ್ಟ್ ೩, ರವಿವಾರ

ಇವತ್ತು ಅಜಿತ ತನ್ನ ಅಪ್ಪ ಅವ್ವ ಇಬ್ಬರನ್ನೂ ಕಟ್ಟಿಕೊಂಡು ಬಂದಿದ್ದ. ಅವನಪ್ಪ ಶ್ರೀಶೈಲನಿಗೆ ಇದೇ ಊರಿನ ಬಜಾರದಲ್ಲಿ ಕಬ್ಬಿಣದ ಅಂಗಡಿ. ಮಾತಾಡುವುದೂ ಮೊಳೆ ಎಣಿಸಿ ಕೊಟ್ಟ ಹಾಗೆ, ಒಂದೊಂದೇ.

ಅನ್ನಪೂರ್ಣಾ ಒಳಗೆ ಚಹಾ ಮಾಡುತ್ತಿದ್ದಾಗ ಅಜಿತ ನನಗೆ ಪಾಠ ಶುರು ಮಾಡಿದ.

"ಅಜ್ಜಾ, ಔಷಧ ಐತಿ. ಸಲೈನ್ ಏರಿಸಿದಂಗ ಏರಸ್ತಾರ. ಆದ್ರ ಮೆದುಳಿಗೆ ಮುಟ್ಟೂದು ಬರೇ ಒಂದೀಟು. ಅಲ್ಲಿ ರಕ್ತನಾಳಕ್ಕ ಬಿಗಿ ಗ್ವಾಡಿ ಐತಿ, ಹೊರಗಿಂದು ಒಳಗ ಬಿಡಂಗಿಲ್ಲ. ರಕ್ತದಾಗ ಸಣ್ಣ ಸಣ್ಣ ಗುಳ್ಳಿ ಬಿಟ್ಟು, ತಲಿ ಸುತ್ತಲಿಂದ ಶಬ್ದಾನ ಒಂದ ಜಾಗಾದಾಗ ಕೂಡಸ್ತಾರ. ಗುಳ್ಳಿ ನಡಗತಾವು, ಗ್ವಾಡಿ ಚೂರು ಸಡ್ಲಾಕ್ಕೈತಿ, ಔಷಧ ಒಳಗ ಹೊಕ್ಕೈತಿ. ಒಂದೆರಡ ದಿನದಾಗ ಮತ್ತ ತಾನಽ ಮುಚ್ಕೋತೈತಿ."

ಕೇಳಿ ನನಗೆ ಸಂಪಗಾಂವದ ನಮ್ಮ ಹಿರಿಯರ ಹಗೇವು ನೆನಪಾಯಿತು. ನೆಲದೊಳಗಿನ ಜೋಳದ ಕಣಜ. ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಇಲಿಯೂ ಹೊಗದು. ತೆಗೆದ ದಿನ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರೂ ಇಳಿಯಬಾರದು, ಅವಸರ ಮಾಡಿ ಇಳಿದವರು ಹೆಣವಾಗಿ ಮೇಲೆ ಬಂದದ್ದುಂಟು. ಮುಚ್ಚಿದ್ದಕ್ಕೆ ಒಂದು ಕಾರಣ ಇರುತ್ತದೆ.

"ತಾನಽ ಬಾಯಿ ಮುಚ್ಕೊಳ್ಳೂ ಹಗೇವು ನಾ ನೋಡಿಲ್ಲ" ಎಂದೆ.

"ನೀವು ನೋಡದ್ದು ಭಾಳ ಐತ್ರಿ ಮಾಮಾರ" ಎಂದ ಶ್ರೀಶೈಲ. ಒಂದು ಮೊಳೆ.

ಬೆಂಗಳೂರಿನ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಇದರ ಪ್ರಯೋಗ ನಡೆಯುತ್ತಿದೆಯಂತೆ. ರೋಗ ಇನ್ನೂ ಎಳೆಯದಾಗಿರುವವರನ್ನಷ್ಟೇ ತೆಗೆದುಕೊಳ್ಳುತ್ತಾರೆ, ತಡವಾದರೆ ಇಲ್ಲ. ವಾಸಿಯಾಗುತ್ತದೆಯೇ ಎಂದು ಕೇಳಿದರೆ ಅದೂ ಗೊತ್ತಿಲ್ಲವಂತೆ. ನಾನು ಹತ್ತಿ ಅಡತಿಯ ದಲಾಲಿ ನಡೆಸಿದ ಕಾಲದಲ್ಲಿ, ಮೂಟೆಯೊಳಗೆ ಏನಿದೆ ಗೊತ್ತಿಲ್ಲ ಎಂದವನನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಈ ನಿಜಗುಣಪ್ಪನೂ ಧಾರವಾಡದಲ್ಲಿ ಬಿ.ಎ. ಓದಿದವನು, ಇಂಗ್ಲಿಷ್ ಪೇಪರೊಂದು ಬಿಟ್ಟರೆ ಎಲ್ಲ ಪಾಸು. ಇಂಥ ಅವಸರದವರಿಗೆ ಇಂಗ್ಲಿಷಿನಲ್ಲಿ ಚೆಂದದ ಗಾದೆಯಿದೆ ಎಂದು ಶುರು ಮಾಡಿದೆ, "ಎ ಸ್ಟಿಚ್ ಇನ್ ಟೈಮ್ ಸೇವ್ಸ್..." ಎಂಟೋ ಹತ್ತೋ, ಬಾಯಿಗೆ ಬರಲಿಲ್ಲ. ಚಹಾ ಹಿಡಿದು ಬಂದ ಅನ್ನಪೂರ್ಣಾ, "ನೈನ್, ಮಾಮಾ" ಎಂದಳು. "ಆದ್ರ ಅದು ಲಗೂ ಮಾಡ್ರಿ ಅಂತ ಹೇಳೂ ಗಾದಿ."

ಎಲ್ಲರೂ ನಕ್ಕರು. ಇಂಥವಳಿಗೆ ಮರೆವಂತೆ.

ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದ್ದಳು. ಉಳಿದವರು ಬಟ್ಟಲು ಕೆಳಗಿಟ್ಟರು. ನಾನು ಕುಡಿದೆ. ವೈದ್ಯರೇ ಸಕ್ಕರೆ ಬೇಡ ಎಂದಿದ್ದಾರೆ.

ಆಗಸ್ಟ್ ೬, ಬುಧವಾರ

ಬರೆಯುವಂಥದ್ದು ಏನಿಲ್ಲ. ಪೇಪರಿನಲ್ಲೂ ಬರೀ ಸುಳ್ಳು.

ಆಗಸ್ಟ್ ೧೧, ಸೋಮವಾರ

ಖಾಸಿಮಸಾಬ ಮಧ್ಯಾಹ್ನ ಅನ್ನಪೂರ್ಣಾಳನ್ನು ತನ್ನ ಕಾರಿನಲ್ಲಿ ಕರೆತಂದು ನನ್ನ ಬಾಗಿಲಿಗೆ ಬಿಟ್ಟ. ಹಿಂದೆ ನನ್ನ ಹತ್ತಿ ಲಾರಿ ಹೊಡೆಯುತ್ತಿದ್ದವನು, ಈಗ ಬಾಡಿಗೆ ಗಾಡಿ ಇಟ್ಟಿದ್ದಾನೆ. ಲಾರಿ ಬಿಟ್ಟರೂ ನನಗೆ ಬುದ್ಧಿ ಹೇಳುವುದನ್ನು ಬಿಟ್ಟಿಲ್ಲ.

"ಸಾವಕಾರ್ರ, ಅಕ್ಕಾರು ಸ್ಟ್ಯಾಂಡಿನ್ಯಾಗ ಕಿತ್ತೂರ ಬಸ್ಸು ಹತ್ತಿ ಕುಂತಿದ್ರು. ಎಲ್ಲಿಗ್ರಿ ಅಂದ್ರ, ದೇಗಾಂವಕ್ಕ, ಸಾಲಿಗೆ ಹೊತ್ತಾಗೈತಿ ಅಂದ್ರು."

ದೇಗಾಂವ ಅವಳ ಮೊದಲ ನೌಕರಿಯ ಊರು. ಆಗ ಅಜಿತ ಹುಟ್ಟಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಸರಿಯಾಗಿ ಹಾಕಿದ್ದರೆ ಯಾರೂ ತಪ್ಪು ಬಸ್ಸು ಹತ್ತುವುದಿಲ್ಲ. ಇದನ್ನು ಖಾಸಿಮಸಾಬನಿಗೆ ಹೇಳಿದೆ.

ಅನ್ನಪೂರ್ಣಾ ನೀರು ಕುಡಿದು ಪಡಸಾಲೆಯಲ್ಲಿ ಕೂತಳು. ಆಮೇಲೆ ಒಳಗೆ ಇಣುಕಿ, "ಅತ್ತಿ ಎಲ್ಲಿ ಮಾಮಾ?" ಎಂದಳು.

ತಂಗೆವ್ವ ಸತ್ತಾಗ ಅವಳಿಗೆ ಕೊನೆಯ ಸೀರೆ ಉಡಿಸಿದವಳು ಇವಳೇ. "ಹಿತ್ತಲದಾಗ ಅದಾಳವ್ವ" ಎಂದೆ. ಬಾಯಿಗೆ ಬಂದದ್ದು ಅಂದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಹಳ ಹೊತ್ತು ನಿಂತು ತಿರುಗಿ ಬಂದು ಕೂತಳು.

ಖಾಸಿಮಸಾಬ ನನ್ನ ಮುಖ ನೋಡುತ್ತಿದ್ದ. ಡ್ರೈವರ್ ಆದವನು ರಸ್ತೆ ನೋಡಬೇಕು.

ಆಗಸ್ಟ್ ೨೫, ಸೋಮವಾರ

ಬೆಂಗಳೂರಿಗೆ ಹೋಗಿ ಬಂದದ್ದಾಯಿತು. ಇವರು ಹೇಗೆ ಮೋಸ ಹೋಗುತ್ತಾರೆ ನೋಡೋಣ ಎಂದೇ ನಾನೂ ಹೋಗಿದ್ದೆ. ಅಜಿತ ಮತ್ತು ಶ್ರೀಶೈಲ ಇಬ್ಬರೂ "ನೀವ್ಯಾಕ ತ್ರಾಸ ತಗೋತೀರಿ" ಎಂದರು. ಸಾಕ್ಷಿ ಬೇಡವೆನ್ನುವವರ ಮಾತು ಹಾಗೆಯೇ ಇರುತ್ತದೆ.

ಅಲ್ಲಿ ಪರೀಕ್ಷೆ ಇರುತ್ತದೆ ಎಂದು ಗೊತ್ತಿತ್ತು. ಅದಕ್ಕೆ ಗಾಡಿಯಲ್ಲಿ ದಾರಿಯುದ್ದಕ್ಕೂ ಅನ್ನಪೂರ್ಣಾಳಿಂದ ನಮ್ಮ ಕಡೆಯ ತಾಲೂಕುಗಳ ಹೆಸರು ಬಾಯಿಪಾಠ ಮಾಡಿಸಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ತುಮಕೂರು ದಾಟುವಷ್ಟರಲ್ಲಿ ನಾಲ್ಕೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಡಾಕ್ಟರಮ್ಮ, ನೋಡಿದರೆ ಕಾಲೇಜು ಹುಡುಗಿಯಂಥವಳು, ಆ ನಾಲ್ಕರಲ್ಲಿ ಒಂದನ್ನೂ ಕೇಳಲಿಲ್ಲ. ಬೇರೆ ಏನೋ ಪದಗಳನ್ನು ಹೇಳಿ, ಆಮೇಲೆ ನೆನಪಿಸಿಕೊಂಡು ಹೇಳಿರಿ ಎಂದಳು. ಅನ್ನಪೂರ್ಣಾ ನನ್ನ ಕಡೆ ನೋಡಿ, ಬೈಲಹೊಂಗಲ, ಕಿತ್ತೂರು ಎಂದಳು. ಗಡಿಯಾರ ಬರೆಯಿರಿ ಎಂದರೆ ಅಂಕಿಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಿದಳು. ನನ್ನ ಮನೆಯ ಗಡಿಯಾರ ಮಾತ್ರ ಸರಿಯಾಗಿದೆಯೇ?

ಆದರೂ ಪ್ರಯೋಗಕ್ಕೆ ತೆಗೆದುಕೊಂಡರು. ರೋಗ ಇನ್ನೂ ಎಳೆಯದು, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದಳು ಡಾಕ್ಟರಮ್ಮ. ಆಮೇಲೆ ಮೆಲ್ಲಗೆ ಕೊನೆಯ ಮಾತು ತೆಗೆದಳು. ತಲೆ ಪೂರ್ತಿ ಬೋಳಿಸಬೇಕು. ಟೊಪ್ಪಿಗೆಯಂಥ ಯಂತ್ರ, ಅದರೊಳಗೆ ತಣ್ಣೀರು, ನೀರು ನೇರ ಚರ್ಮಕ್ಕೆ ತಾಗಬೇಕು. ಕೂದಲಿದ್ದರೆ ನಡುವೆ ಗಾಳಿ ಸಿಕ್ಕಿ ಶಬ್ದ ದಾರಿ ತಪ್ಪುತ್ತದೆ.

ಅನ್ನಪೂರ್ಣಾ ತನ್ನ ಹೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಆಗೂದಿಲ್ರಿ" ಎಂದಳು. ಮತ್ತೇನು ಕೇಳಿದರೂ ಅದೇ ಮಾತು. ಸೆಪ್ಟೆಂಬರ್ ಹದಿನೇಳಕ್ಕೆ ದಿನ ಕೊಟ್ಟಿದ್ದಾರೆ. ಬರದಿದ್ದರೆ ಆ ಜಾಗ ಬೇರೆಯವರಿಗೆ. ಮುಂದಿನ ಸರದಿ ಯಾವಾಗ ಎಂದು ಶ್ರೀಶೈಲ ಕೇಳಿದ. ಬರುವ ವರ್ಷ ಆಗಬಹುದು, ಆದರೆ ಅಷ್ಟರಲ್ಲಿ ಇವರು ಗೆರೆ ದಾಟಿರಬಹುದು ಎಂದಳು.

ಒಳ್ಳೆಯದೇ ಆಯಿತು ಎಂದುಕೊಂಡೆ. ಹಿಂತಿರುಗುವಾಗ ದಾವಣಗೆರೆಯಲ್ಲಿ ಊಟಕ್ಕೆ ಕೂತವನು ತಾಟು ಸರಿಸಿ ಎದ್ದೆ. ಪಲ್ಯ ಹಳಸಿತ್ತು. ಉಳಿದವರೆಲ್ಲ ತಿಂದರು, ಅವರಿಗೆ ನಾಲಗೆಯೇ ಇಲ್ಲ.

ಸೆಪ್ಟೆಂಬರ್ ೪, ಗುರುವಾರ

ಶ್ರೀಶೈಲನ ಅಕ್ಕ ಶಟ್ಟೆವ್ವ ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ಬಂದಿಳಿದಿದ್ದಾಳೆ. ಸುದ್ದಿ ಅಲ್ಲಿಗೆ ಮುಟ್ಟಿದೆ. ನನ್ನನ್ನೂ ಕರೆಸಿದರು. ಹೋದೆ.

"ಮುತ್ತೈದಿ ತಲಿ ಬೋಳಸೂದಂದ್ರ ನನ್ನ ತಮ್ಮನ ಆಯುಷ್ಯಾನಽ ಬೋಳಸಿದಂಗ" ಎಂದು ಶಟ್ಟೆವ್ವ ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟಳು.

ಅನ್ನಪೂರ್ಣಾ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು, "ಆಯುಷ್ಯಾ ಕೂದಲದಾಗ ಇದ್ರ ನಿಮ್ಮ ತಮ್ಮ ಯಾವಾಗೋ ಹೋಗಬೇಕಿತ್ರೀ ಅಕ್ಕಾರ. ಅವರ ತಲಿ ಒಮ್ಮೆ ನೋಡ್ರಿ."

ಶ್ರೀಶೈಲ ತನ್ನ ಬೋಳು ನೆತ್ತಿಯ ಮೇಲೆ ಕೈಯಾಡಿಸಿಕೊಂಡ. ಶಟ್ಟೆವ್ವನೇ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನಾ ಹೂಂ ಅಂತೇನಿ" ಎಂದಳು ಅನ್ನಪೂರ್ಣಾ. "ಆದ್ರ ಸುಮ್ನ ಬೋಳಸ್ಕೊಳ್ಳಂಗಿಲ್ಲ. ಕೂಸಿಗೆ ಮೊದಲ ಕೂದಲಾ ತೆಗ್ದಂಗ ಜವಳ ಅಂತ ಮಾಡ್ರಿ. ಮೊದಲ್ನೇ ಕತ್ತರಿ ಮಾಮಾ ಹಾಕ್ಬೇಕು. ಕೂದಲಾ ನೆಲಕ್ಕ ಬೀಳಬಾರ್ದು, ಹೊಳಿಗೆ ಹೋಗ್ಬೇಕು. ನನಗ ಏನರ ಹೋಗೂದಿದ್ರ ಪದ್ಧತಿ ಪ್ರಕಾರ ಹೋಗ್ಲಿ."

"ಜವಳಂದ್ರ ಬ್ಯಾರೆ ಮಾತು" ಎಂದಳು ಶಟ್ಟೆವ್ವ. "ಜವಳಕ್ಕ ಯಾರೇನು ಅನ್ನಂಗಿಲ್ಲ."

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ಹೊತ್ತು ಕಂಬದಂತಿದ್ದ ಸೋದರಮಾವ ಈಗ ಕಂಡ.

"ನನಗ ಕತ್ತರಿ ಹಿಡ್ಯಾಕ ಬರಂಗಿಲ್ಲ" ಎಂದು ಎದ್ದು ಬಂದೆ. ಹಿಂದಿನಿಂದ ಅಜಿತ "ಅಜ್ಜಾ" ಎಂದ. ತಿರುಗಲಿಲ್ಲ.

ಹಿಡಿಯಲು ಬರುತ್ತದೆ. ಹದಿನೈದರ ಹುಡುಗನಿದ್ದಾಗ ಎಲ್ಲಮ್ಮನ ಗುಡ್ಡದಲ್ಲಿ ಇವಳದೇ ಜವಳಕ್ಕೆ ಮೊದಲ ಕತ್ತರಿ ಹಾಕಿದವನು ನಾನು. ಅಕ್ಕನ ತೊಡೆಯ ಮೇಲೆ ಕೂತು ಗುಡ್ಡ ನಡುಗುವ ಹಾಗೆ ಚೀರಿದ್ದಳು. ಜವಳ ಎಂದರೆ ಮುಂದೆ ಬಾಳು ಇದೆ ಎಂದು ನಂಬಿ ಮಾಡುವ ಕೆಲಸ. ನಂಬದವನು ಕತ್ತರಿ ಹಿಡಿದರೆ ಅದು ಬರೀ ಕೂದಲು ಕತ್ತರಿಸಿದ್ದು. ಈ ಗುಳ್ಳೆ, ಈ ಶಬ್ದ, ಈ ಟೊಪ್ಪಿಗೆ, ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಇಷ್ಟು ಸರಳ ಮಾತು ಅವರಿಗೆ ತಿಳಿಯುವುದಿಲ್ಲ, ನಾನು ಹೇಳಲೂ ಇಲ್ಲ.

ಸೆಪ್ಟೆಂಬರ್ ೭, ರವಿವಾರ

ಖಾಸಿಮಸಾಬ ಬಂದು ಕಟ್ಟೆಯ ಮೇಲೆ ಕೂತ.

"ಕೈ ನಡಗತೈತೇನ್ರಿ ಸಾವಕಾರ್ರ? ನಮ್ಮ ಮನ್ಯಾಕಿ ಮದರಬೀನ ಕಳಸ್ಲೇನು? ಕುರಿ ಉಣ್ಣಿ ಕತ್ತರಿಸಿದಂಗ ಬಡಾ ಬಡಾ ಕತ್ತರಿಸಿ ಬರ್ತಾಳ."

"ನಿನ್ನ ಗಾಡಿ ಬ್ರೇಕು ನೋಡ್ಕೋ ಹೋಗು" ಎಂದೆ.

"ನನ್ನ ಬ್ರೇಕು ಚಲೋ ಅದಾವ್ರಿ. ನಿಮ್ಮವಽ ಬಿಗಿ ಆಗ್ಯಾವು."

ಅವನಿಗೆ ಚಹಾ ಕೊಡಲಿಲ್ಲ.

ಸೆಪ್ಟೆಂಬರ್ ೧೦, ಬುಧವಾರ

ನಮ್ಮ ಓಣಿಯ ಬೀದಿದೀಪದ ಬಗ್ಗೆ ಪುರಸಭೆಗೆ ಎಷ್ಟು ಹೇಳಿದರೂ ಅಷ್ಟೇ. ಕಂಬ ಇದೆ, ಬಲ್ಬು ಇದೆ, ಬೆಳಕಿಲ್ಲ. ತೆರಿಗೆ ವಸೂಲಿಗೆ ಬರುವವನಿಗೆ ಮಾತ್ರ ಎಲ್ಲ ಮನೆಗಳೂ ಚೆನ್ನಾಗಿ ಕಾಣುತ್ತವೆ. ಇಂಥ ಓಣಿಯಲ್ಲಿ ಯಾರು ಯಾರ ಗುರುತು ಹಿಡಿಯಬೇಕು?

ಇವತ್ತು ಸಂಜೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅನ್ನಪೂರ್ಣಾ ಓಣಿಯ ತುದಿಯಿಂದ ಒಂದೊಂದೇ ಬಾಗಿಲು ನೋಡುತ್ತ ಬಂದಳು. ನನ್ನ ಮುಂದೆ ನಿಂತು, ತಲೆ ಮೇಲೆ ಸೆರಗು ಎಳೆದುಕೊಂಡು, ಪರವೂರಿನ ಗಂಡಸರನ್ನು ಕೇಳುವ ಹಾಗೆ ಕೇಳಿದಳು.

"ನಿಜಗುಣಪ್ಪನವರ ಮನಿ ಯಾ ಕಡೆ ಬರ್ತೈತ್ರೀ ಯಜಮಾನ್ರ?"

"ಇದಽ ಐತಿ. ಬಾರವ್ವ" ಎಂದೆ.

"ಅವರು ಅದಾರೇನ್ರಿ?"

"ಬರ್ತಾನ, ಕುಂಡ್ರು."

ಕೂತಳು. ಉಂಡಿ ಕೊಟ್ಟೆ, ಪಂಚಮಿಯವೇ, ಇನ್ನೂ ಉಳಿದಿದ್ದವು. ತಿನ್ನುತ್ತ ತಿನ್ನುತ್ತ ಒಮ್ಮೆಲೆ ನನ್ನನ್ನು ನೋಡಿ, "ಮಾಮಾ, ಉಂಡಿ ಯಾರ ಕಟ್ಟಿದ್ರಿ? ಬೆಲ್ಲ ಜಾಸ್ತಿ ಆಗೈತಿ" ಎಂದಳು.

ದೀಪದ್ದೇ ತಪ್ಪು. ನಾಳೆ ಪುರಸಭೆಗೆ ಹೋಗಿ ಚೀಫ್ ಆಫೀಸರನಿಗೆ ಇಂಗ್ಲಿಷಿನಲ್ಲೇ ಹೇಳುತ್ತೇನೆ.

ಸೆಪ್ಟೆಂಬರ್ ೧೧, ಗುರುವಾರ

ಪುರಸಭೆಗೆ ಹೋಗಲಾಗಲಿಲ್ಲ. ತಂಗೆವ್ವನ ಹೊಲಿಗೆ ಪೆಟ್ಟಿಗೆಯಲ್ಲಿ ಕತ್ತರಿ ಇತ್ತು, ಅದನ್ನು ಸಾಣೆ ಹಿಡಿಸಿಕೊಂಡು ಬಂದೆ. ಸಾಣೆಯವನು ಎರಡು ಸಲ ಉಜ್ಜಿ ಸಾಕು ಎಂದ. ಕಳ್ಳ. ಎದುರಿಗೆ ನಿಂತು ಇನ್ನೆರಡು ಸಲ ಉಜ್ಜಿಸಿದೆ. ಮನೆಯಲ್ಲಿ ಕತ್ತರಿ ಅಂತ ಒಂದಿದ್ದ ಮೇಲೆ ಹರಿತವಿರಬೇಕು, ಅಷ್ಟೇ.

ಸೆಪ್ಟೆಂಬರ್ ೧೭, ಬುಧವಾರ. ಬೆಂಗಳೂರು

ಆಸ್ಪತ್ರೆಯಲ್ಲಿ ಕಾಫಿ ಎಂದು ಕೊಡುವುದನ್ನು ನಮ್ಮಲ್ಲಿ ಎಮ್ಮೆ ಮೈ ತೊಳೆದ ನೀರು ಎನ್ನುತ್ತಾರೆ.

ಮುಂಜಾನೆ ನರ್ಸು ಮಷಿನ್ನು ಹಿಡಿದು ಬಂದಳು. ನಾನು ಕಿಸೆಯಿಂದ ಕತ್ತರಿ ತೆಗೆದೆ. ಹೊರಗಿನ ಕತ್ತರಿ ತರುವ ಹಾಗಿಲ್ಲ, ಹಿರಿಯರೇ ಹೊರಗೆ ನಿಲ್ಲಿ ಎಂದಳು. ನಾನು ನಿಲ್ಲುವವನೇ? ದನಿ ಏರಿತು. ಡಾಕ್ಟರಮ್ಮ ಓಡಿ ಬಂದಳು. ಅವಳಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ, "ಮದರ್ಸ್ ಬ್ರದರ್. ಫಸ್ಟ್ ಸೀಸರ್. ಕಂಪಲ್ಸರಿ."

"ಜವಳ ಏನ್ರಿ?" ಎಂದಳು ಹುಡುಗಿ. "ನಮ್ಮ ಬೀದರ ಕಡೀನೂ ಸ್ವಾದರಮಾವನೇ ಹಾಕ್ತಾನ್ರಿ. ಕೊಡ್ರಿ ಇಲ್ಲಿ." ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸಿ ನನ್ನ ಕೈಗೇ ಕೊಟ್ಟಳು. ಬೀದರದವಳೆಂದು ಮೊದಲೇ ಹೇಳಲು ಏನಾಗಿತ್ತು? ಸುಮ್ಮನೆ ಇಂಗ್ಲಿಷ್ ಖರ್ಚಾಯಿತು.

ನನ್ನ ಹೆಗಲ ಮೇಲಿನ ವಲ್ಲಿಯ ಒಂದು ತುದಿ ಶ್ರೀಶೈಲ, ಇನ್ನೊಂದು ತುದಿ ಅಜಿತ ಹಿಡಿದುಕೊಂಡರು. ತಂಗೆವ್ವ ಇದ್ದಿದ್ದರೆ ಸೆರಗು ಒಡ್ಡುತ್ತಿದ್ದಳು. ಅನ್ನಪೂರ್ಣಾ ಹೆರಳು ಬಿಚ್ಚಿಕೊಂಡು ಕುರ್ಚಿಯ ಮೇಲೆ ಕೂತಳು. ಹಣೆಯ ಮೇಲಿನ ಒಂದು ಎಸಳು ಕೂದಲು ಹಿಡಿದೆ.

"ಯಾರ ಜವಳ ಮಾಮಾ?"

"ನಿಂದು."

"ಎಷ್ಟು ವರ್ಷಕ್ಕ ತೆಗ್ಯಾಕತ್ತೀರಿ?"

"ಸ್ವಲ್ಪ ತಡಾ ಆತವ್ವ. ಅಳಬ್ಯಾಡ ಮತ್ತ. ಹಿಂದಿನ ಸಲ ಗುಡ್ಡದ ಮಂದೀನೆಲ್ಲ ಕೂಡಿಸಿದ್ದಿ."

"ಅಳಂಗಿಲ್ಲ. ಹಾಕ್ರಿ."

ಕತ್ತರಿ ಹಾಕಿದೆ. ಎಸಳು ವಲ್ಲಿಯಲ್ಲೇ ಬಿತ್ತು, ನೆಲಕ್ಕಲ್ಲ. ಉಳಿದದ್ದು ಮಷಿನ್ನಿನ ಕೆಲಸ. ಕಡೆಗೆ ನೋಡಿದರೆ ಮುಖ ಥೇಟು ಅಕ್ಕನದು. ಇಷ್ಟು ದಿನ ಕೂದಲು ಮುಚ್ಚಿಟ್ಟಿತ್ತು.

ಅವಳನ್ನು ಒಳಗೆ ಕರೆದೊಯ್ದರು. ಔಷಧ ಮೊದಲು ಏರಿಸಿದರು, ಆಮೇಲೆ ಟೊಪ್ಪಿಗೆ. ತಲೆ ಅಲುಗಬಾರದೆಂದು ಚೌಕಟ್ಟು ಹಾಕಿ ತಿರುಪು ಬಿಗಿಯುತ್ತಾರಂತೆ, ಎಚ್ಚರವಿದ್ದಾಗಲೇ. ಹೊರಗಿನ ಬೆಂಚಿನ ಮೇಲೆ ಕೂತೆವು. ಶ್ರೀಶೈಲ ನನ್ನ ಮೊಣಕಾಲ ಮೇಲೆ ಕೈ ಇಟ್ಟ. ಇಟ್ಟವನು ತೆಗೆಯಲೇ ಇಲ್ಲ, ನನ್ನ ಕಾಲು ಜೋಮು ಹಿಡಿಯಿತು.

ಸಂಜೆ ಹೊರಗೆ ತಂದಾಗ ಹಣೆಯ ಎರಡು ಕಡೆ ತಿರುಪಿನ ಗುರುತು. "ನೀರು ಥಣ್ಣಗಿತ್ತು ಮಾಮಾ. ಹೊಳ್ಯಾಗ ತಲಿ ಇಟ್ಟಂಗಾತು" ಎಂದಳು. ಗೋಡೆ ತೆರೆದದ್ದು ಸ್ಕ್ಯಾನಿನಲ್ಲಿ ಕಂಡಿದೆ ಎಂದಳು ಡಾಕ್ಟರಮ್ಮ. ಮುಚ್ಚಿಕೊಂಡಿತೇ ಎಂದು ನಾಡಿದ್ದು ಮತ್ತೆ ನೋಡುತ್ತಾರೆ. ಇದರಿಂದ ಈಗಲೇ ಏನೂ ಬಯಸಬೇಡಿ, ತಿಂಗಳುಗಳು ಬೇಕು, ಆಗಲೂ ಖಾತ್ರಿಯಿಲ್ಲ ಎಂದಳು. ಮಾಲು ಹೊಗಳದೆ ಮಾರುವವಳನ್ನು ಮೊದಲ ಸಲ ನೋಡಿದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಮುಚ್ಚಿಕೊಂಡಿದೆ. ತಾನಾಗಿಯೇ. ಯಂತ್ರ ಹೇಳುತ್ತದೆ, ಇರಬಹುದು.

ಸೆಪ್ಟೆಂಬರ್ ೨೧, ರವಿವಾರ. ಸವದತ್ತಿ

ಊರಿಗೆ ಹೋಗುವ ಮೊದಲು ಕೂದಲು ಹೊಳೆಗೆ ಬಿಡಬೇಕೆಂದು ಈ ಕಡೆ ಬಂದೆವು. ಅಮಾವಾಸ್ಯೆ ಎಂದು ಎಲ್ಲಮ್ಮನ ಗುಡ್ಡದ ತುಂಬ ಮಂದಿ, ಹತ್ತಲಿಲ್ಲ. ಖಾಸಿಮಸಾಬ ಮಲಪ್ರಭೆಯ ಹಿನ್ನೀರಿನ ದಂಡೆಗೆ ಗಾಡಿ ತಂದು ನಿಲ್ಲಿಸಿದ್ದಾನೆ. ಅವನೂ ಶ್ರೀಶೈಲನೂ ತೆಂಗಿನಕಾಯಿ ತರಲು ಹೋಗಿದ್ದಾರೆ. ಅಜಿತ ನೀರಿಗಿಳಿದು ಕಾಲು ತೊಳೆಯುತ್ತಿದ್ದಾನೆ. ನಾನು ಕಲ್ಲಿನ ಮೇಲೆ ಕೂತು ಮೊಣಕಾಲ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅನ್ನಪೂರ್ಣಾ ಪಕ್ಕದಲ್ಲಿ, ತಲೆ ಮೇಲೆ ಸೆರಗು, ಮಡಿಲಲ್ಲಿ ವಲ್ಲಿಯ ಗಂಟು.

"ಅತ್ತಿ ಇದ್ದಿದ್ರ ಸೆರಗು ಒಡ್ಡತಿದ್ಲು, ಅಲ್ರೀ ಮಾಮಾ?" ಎಂದಳು ಈಗ.

"ಹಿತ್ತಲದಾಗ..." ಎಂದು ಬಾಯಿಗೆ ಬಂದೇಬಿಟ್ಟಿತು, ಅಭ್ಯಾಸ.

"ಹಿತ್ತಲದಾಗ ಇಲ್ರಿ. ಆವತ್ತು ಖಾಸಿಮಣ್ಣ ನನ್ನ ಬಸ್ಸಿಂದ ಇಳಿಸ್ಕೊಂಡ ಬಂದಾಗ ನೀವು ಅಂದ್ರಿ, ನಾ ಹೋಗಿ ನೋಡಿದ್ನಿ. ಒಗ್ಯಾಣ ಕಲ್ಲು ಒಣಗಿ ಬಿರಕು ಬಿಟ್ಟಿತ್ತು. ಆವಾಗ ನೆನಪಾತು. ಸುಳ್ಳು ಹೇಳಬಾರದು ಮಾಮಾ, ಹುಡುಗೋರು ಕಲೀತಾವು."

ಇದು ಆ ಶಬ್ದದಿಂದ ಎಂದರೆ ನಾನು ಒಪ್ಪುವುದಿಲ್ಲ. ಇಷ್ಟು ಬೇಗ ಏನೂ ಆಗದೆಂದು ಡಾಕ್ಟರಮ್ಮನೇ ಹೇಳಿದ್ದಾಳೆ. ಒಳ್ಳೆಯ ದಿನ ಒಂದು, ಕೆಟ್ಟ ದಿನ ಒಂದು ಇರುತ್ತದೆ. ನಾಳೆ ಮತ್ತೆ ನನ್ನ ಮುಂದೆ ನಿಂತು ನಿಜಗುಣಪ್ಪನ ಮನೆ ಯಾವುದು ಎಂದು ಕೇಳಬಹುದು. ಕೇಳಲಿ, ಹೇಳಿದರಾಯಿತು, ಕಟ್ಟೆಯ ಮೇಲೆ ಕೂತೇ ಇರುತ್ತೇನಲ್ಲ. ಅಜಿತನಿಗೆ ಈ ಮಾತು ಹೇಳಬಾರದು, ಹೇಳಿದರೆ ಮತ್ತೆ ನಗುತ್ತಾನೆ.

ಶ್ರೀಶೈಲ ತೆಂಗಿನಕಾಯಿ ತಂದ. ಅಡಿಕೆಯಷ್ಟಿದೆ, ಮೋಸ ಹೋಗಿದ್ದಾನೆ. ಮುಂದಿನ ತಿಂಗಳು ಮತ್ತೆ ಬೆಂಗಳೂರು. ಅಷ್ಟರಲ್ಲಿ ಅವಳ ತಲೆಯ ಮೇಲೆ ಅಂಗೈಗೆ ಚುಚ್ಚುವಷ್ಟು ಕೂದಲು ಬಂದಿರುತ್ತದೆ, ಅದನ್ನೂ ತೆಗೆಯಬೇಕಂತೆ. ಕತ್ತರಿ ಮತ್ತೊಮ್ಮೆ ಸಾಣೆ ಹಿಡಿಸಬೇಕು, ಆ ಕಳ್ಳನ ಹತ್ತಿರ ಅಲ್ಲ, ಬೇರೆಯವನ ಹತ್ತಿರ.

ಅನ್ನಪೂರ್ಣಾ ಗಂಟು ಬಿಚ್ಚುತ್ತಿದ್ದಾಳೆ. ಅಜಿತ ನೀರಿನಿಂದಲೇ ಕೈ ಚಾಚಿದರೆ ಕೊಡುತ್ತಿಲ್ಲ, ಮಾಮಾನೇ ಬಿಡಬೇಕಂತೆ, ಕರೆಯುತ್ತಿದ್ದಾಳೆ. ಮೇಲಿನ ಸಾಲಿನಲ್ಲಿ ಏನು ಬರೆದೆ ಎಂದು ಓದಲು ಹೋದರೆ ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.